ಸೀನನಿಗೆ, 2032ರ ವಿಷಯ

ಲೋ ಸೀನ,

ರಿಟೈರ್ಮೆಂಟಿಗೆ ಎಷ್ಟು ದುಡ್ಡು ಬೇಕು ಅಂತ ಹೋದ ವಾರ ಒಂದೇ ಸಾಲು ಕಳಿಸಿದ್ದೆ. ನಾನೂ ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಹೀಗೆ ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ, ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತ. ನಿನ್ನ ಹತ್ತಿರ ಸುಳ್ಳು ಯಾಕೆ, ನಾಲ್ಕು ಜನ ನನ್ನನ್ನು ಬುದ್ಧಿವಂತ ಅಂದುಕೊಳ್ಳಲಿ ಅಂತ. ಪಾಂಡವಪುರದ ಅರ್ಧ ಟಿಕೆಟ್ ವಿಷಯ ನೀನು ಎತ್ತದಿದ್ದರೆ ಸಾಕು.

ಮೊದಲು ಪಾಠ. 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸು. ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ 12 ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ. ನಮಗೆ 58 ತುಂಬಲು ಇನ್ನು 12 ವರ್ಷ ಇದೆ, ಅಲ್ವಾ? ಈಗ ಮನೆ ಖರ್ಚು 40,000 ಇದ್ದರೆ ಆಗ 80,000. ಪಿಎಫ್ ಇದೆಯಲ್ಲ, ಪಿಂಚಣಿ ಬರುತ್ತಲ್ಲ ಅನ್ನುತ್ತೀಯ. ಗೊತ್ತು. ಆ ಪಿಂಚಣಿಗೆ ನಿನ್ನ ಪೂರ್ತಿ ಸಂಬಳವನ್ನು ಯಾರೂ ನೋಡುವುದಿಲ್ಲ. ನಮ್ಮಂಥ ಸಾಮಾನ್ಯರಿಗೆ ಸಂಬಳ ಹೆಚ್ಚೆಂದರೆ 15,000 ಅಂತಲೇ ಲೆಕ್ಕ. 2014ರ ಸೆಪ್ಟೆಂಬರಿಗೆ ಮೊದಲಿನ ವರ್ಷಗಳಿಗಾದರೆ 6,500. ಅದನ್ನು ಕೆಲಸ ಮಾಡಿದ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2005ರಲ್ಲಿ ಹೂಟಗಳ್ಳಿ ಫ್ಯಾಕ್ಟರಿ ಸೇರಿದ ನನಗೆ ತಿಂಗಳಿಗೆ ಬರುವುದು ಆರು ಸಾವಿರ ಚಿಲ್ಲರೆ. ಹಾಲು, ಪೇಪರು, ಗ್ಯಾಸು, ಅಲ್ಲಿಗೆ ಮುಗಿಯಿತು. ಮಿಕ್ಕಿದ್ದನ್ನು ನಾವೇ ಹುಟ್ಟಿಸಬೇಕು.

ಅದನ್ನು ಹುಟ್ಟಿಸುವುದಕ್ಕೇ ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇದೆ. ನೀನು ನಗುತ್ತೀಯ, ನಗು. ಪಿಎಫ್ ಗಂಟು ಒಂದು ಸಾಲು. ಪಿಪಿಎಫ್, ಅದೇ ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ, ಒಂದು ಸಾಲು. ಅದರ ಬಡ್ಡಿ 2020ರ ಏಪ್ರಿಲಿನಲ್ಲಿ 7.1ಕ್ಕೆ ಇಳಿದದ್ದು ಮತ್ತೆ ಏರಲೇ ಇಲ್ಲ. ಎಸ್‌ಐಪಿಗಳು, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ದುಡ್ಡು, ಎಲ್ಲವೂ ಡೈರೆಕ್ಟ್ ಪ್ಲಾನ್, ಏಜೆಂಟನಿಗೆ ಕಮಿಷನ್ ಹೋಗದ ಹಾಗೆ. ಹೆಂಡತಿಯ ಒಡವೆ ಇನ್ನೊಂದು ಸಾಲು. ಅದು ಶೀಟಿನಲ್ಲಿರುವುದು ಅವಳಿಗೆ ಗೊತ್ತಿಲ್ಲ. ಇವತ್ತು ಗೊತ್ತಾಗುತ್ತದೆ.

ಎಂಟನೇ ಸಾಲು, ಕುವೆಂಪುನಗರದ ಮನೆ.

ಅಪ್ಪನ ಮನೆ ನಿನಗೆ ಗೊತ್ತಲ್ಲ. 30-40 ಸೈಟು, ಮುಂದೆ ಆ ಸಂಪಿಗೆ ಮರ, ಹಿಂದೆ ನೀನು ಬಿದ್ದ ಸಂಪು. ಅಲ್ಲೇ ನಾವೆಲ್ಲ ಇರುವುದು. ಆ ಸಾಲಿನಲ್ಲಿ ಈಗಿನ ಬೆಲೆ, ವರ್ಷಕ್ಕೆ ಎಷ್ಟು ಏರುತ್ತದೆ ಅನ್ನುವುದು, ಆಮೇಲೆ ಯಾವ ಇಸವಿಯಲ್ಲಿ ಮಾರಿ ದುಡ್ಡು ಕೈಗೆ ಬರುತ್ತದೆ ಅನ್ನುವುದು. ಬೇರೆ ಎಲ್ಲ ಸಾಲುಗಳಿಗೂ ಆ ಕಾಲಮ್ ಇತ್ತು. ಇದಕ್ಕೆ ಮಾತ್ರ ಖಾಲಿ ಬಿಟ್ಟರೆ ಫಾರ್ಮುಲಾ ಕೆಲಸ ಮಾಡುವುದಿಲ್ಲ ನೋಡು, ಹಾಗಾಗಿ ತುಂಬಿಸಿದ್ದೆ. 2032.

ಕಳೆದ ನವೆಂಬರಿನಲ್ಲಿ ಅಪ್ಪನ ಜೀವಂತ ಪ್ರಮಾಣಪತ್ರ ಕೊಡಬೇಕಿತ್ತು. ಪಿಂಚಣಿ ತಗೊಳ್ಳುವವರು ವರ್ಷಕ್ಕೊಮ್ಮೆ ‘ನಾನಿನ್ನೂ ಇದ್ದೇನೆ’ ಅಂತ ತೋರಿಸಬೇಕಲ್ಲ. 2004ರಲ್ಲಿ ರಿಟೈರ್ ಆದಾಗಿನಿಂದ ಅಪ್ಪ ಇದಕ್ಕೆ ಇಸ್ತ್ರಿ ಶರ್ಟು ಹಾಕಿಕೊಂಡು ಮೈಸೂರು ಬ್ಯಾಂಕಿಗೆ ಹೋಗುತ್ತಿದ್ದರು. ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಅಪ್ಪನ ಬಾಯಲ್ಲಿ ಇನ್ನೂ ಸೇರಿಲ್ಲ. ಈ ಸಲ ಮಂಡಿ ನೋವು. ಮೊಬೈಲಿನಲ್ಲೇ ಮುಖ ತೋರಿಸಿದರೆ ಆಗುತ್ತದೆ ಅಂತ ಕೂರಿಸಿದೆ. ಆದರೂ ಇಸ್ತ್ರಿ ಶರ್ಟು ಹಾಕಿಕೊಂಡೇ ಬಂದರು.

ಪಿಂಚಣಿ ಪುಸ್ತಕದ ನಂಬರ್ ಬೇಕಾಯಿತು. ಅದನ್ನು ಎಲ್ಲಿ ಬರೆದಿಟ್ಟಿದ್ದೆ ಹೇಳು? ಅದೇ ಎಕ್ಸೆಲ್ ಫೈಲಿನಲ್ಲಿ. ತೆರೆದೆ. ನಂಬರ್ ಓದಿ ಹೇಳುತ್ತೇನೆ ಅಂತ ಅಪ್ಪ ಕನ್ನಡಕ ಏರಿಸಿ ಬಗ್ಗಿದರು. ನಂಬರ್ ಬೇರೆ ಶೀಟಿನಲ್ಲಿತ್ತು. ಎದುರಿಗೆ ಇದ್ದದ್ದು ಇದು.

ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು ಕಣೋ. ಸಾಲಿನ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಓದಿದರು. ಬೆರಳು ಕೊನೆಯಲ್ಲಿ ಸ್ವಲ್ಪ ಹೊತ್ತು ನಿಂತಿತು. “ಎಂಟು ಪರ್ಸೆಂಟ್ ಜಾಸ್ತಿ ಆಯ್ತು. ನಮ್ಮ ಬೀದೀಲಿ ಅಷ್ಟು ಏರಲ್ಲ. ಆರು ಹಾಕು,” ಅಂದರು. ಇಸವಿಯ ಮಾತೇ ಎತ್ತಲಿಲ್ಲ.

ಆಮೇಲೆ ಮೊಬೈಲು ‘ಕಣ್ಣು ಮಿಟುಕಿಸಿ’ ಅಂತು. ಅಪ್ಪ ಮಿಟುಕಿಸಿದರು. ಆಗಲಿಲ್ಲ. ಇನ್ನೊಂದು ಸಲ. ಮೂರನೇ ಸಲಕ್ಕೆ ಒಪ್ಪಿಕೊಂಡಿತು.

ಮಾರನೇ ವಾರ ಅವರ ಕೋಣೆಗೆ ಫ್ಯಾನ್ ತರಲು ಅಶೋಕ ರಸ್ತೆಗೆ ಹೋದೆವು. ನನ್ನದು ಗೊತ್ತಲ್ಲ, ಬಿಎಲ್‌ಡಿಸಿ ಫ್ಯಾನೇ ತಗೋಬೇಕು ಅಂತ ಭಾಷಣ. ಹಳೇ ಫ್ಯಾನು 75 ವ್ಯಾಟ್, ಇದು 28, ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ ಹದಿನೈದು ಯೂನಿಟ್‌ಗೂ ಮೇಲೆ ಉಳಿತಾಯ. “ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ. ನೀನು ಉಳಿಸೋದು ಯಾವುದನ್ನ?” ಅಂದರು ಅಪ್ಪ. ಅಂಗಡಿಯ ಹುಡುಗ ನಕ್ಕುಬಿಟ್ಟ. ಸರಿ, ಸಾದಾ ಫ್ಯಾನೇ ಆಗಲಿ ಅಂದೆ. ಎರಡು ವರ್ಷ ವಾರಂಟಿಯದ್ದು ಒಂದಿತ್ತು. ಆರುನೂರು ಜಾಸ್ತಿಗೆ ಐದು ವರ್ಷದ್ದು. ಚಪ್ಪಲಿಗೆ ಕೂಡ ‘ನನಗೆ ಇಷ್ಟು ಸಾಕು’ ಅನ್ನುವ ಮನುಷ್ಯ ಹುಡುಗನನ್ನು ಕೇಳಿದರು, “ಐದಕ್ಕಿಂತ ಜಾಸ್ತೀದು ಇಲ್ವೇನಪ್ಪ? ಏಳು, ಎಂಟು?” ಕೇಳಿ ನನ್ನ ಕಡೆ ನೋಡಿದರು. ಕೋಪ ಇರಲಿಲ್ಲ. ಒಂಚೂರು ತುಂಟತನ ಇತ್ತೇನೋ. ನನಗೆ ಮಾತ್ರ ಎಲ್ಲಿ ಅಡಗಿಕೊಳ್ಳಲಿ ಅನ್ನಿಸಿತು.

2032 ಎಲ್ಲಿಂದ ಬಂತು ಅಂತ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ತಾತ 84ಕ್ಕೆ ಹೋದರು. ದೊಡ್ಡಪ್ಪ 88ಕ್ಕೆ. ಸರಾಸರಿ 86. ಆ ಸಾಲು ತುಂಬಿಸಿದಾಗ ಅಪ್ಪನಿಗೆ 79. ಕೂಡಿದ್ದು ನಾನೇ, ಒಂದು ಭಾನುವಾರ ಕಾಫಿ ಕುಡಿಯುತ್ತಾ. ಪಕ್ಕದಲ್ಲೇ ಅಪ್ಪ ಅವರೆಕಾಯಿ ಬಿಡಿಸುತ್ತಿದ್ದರು.

ಇನ್ನೊಂದೂ ಇದೆ. ಎಸ್‌ಐಪಿ ಒಂದು ತಿಂಗಳೂ ತಪ್ಪಿಲ್ಲ ಅಂತ ನಿಮ್ಮೆಲ್ಲರ ಮುಂದೆ ಕೊಚ್ಚಿಕೊಳ್ಳುತ್ತೇನಲ್ಲ, ಅದು ಹೇಗೆ ಗೊತ್ತಾ? ಮನೆಗೆ ಹಾಲು, ಗ್ಯಾಸು, ತರಕಾರಿ, ಕೆಲಸದವರ ಸಂಬಳ, ಎಲ್ಲ ಅಪ್ಪನ ಪಿಂಚಣಿಯಲ್ಲಿ. ಅದಕ್ಕಾದರೂ ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಸೇರುತ್ತದೆ, ನನ್ನ ಸಂಬಳ ಅಷ್ಟು ಏರುವುದಿಲ್ಲ. ಮಗಳ ಫೀಸು ಕಟ್ಟುವ ಜೂನಿನಲ್ಲಿ ಎಸ್‌ಐಪಿಯ ದುಡ್ಡೂ ಅವರದೇ. ಅಂದರೆ ಅಪ್ಪ ಇರುವಷ್ಟು ದಿನ ಅವರ ಪಿಂಚಣಿ, ಆಮೇಲೆ ಅವರ ಮನೆ. ಇದಕ್ಕೆ ನಾನು ‘ನನ್ನ ಪ್ಲಾನ್’ ಅಂತ ಹೆಸರಿಟ್ಟು ಫೈಲಿಗೆ ಪಾಸ್‌ವರ್ಡ್ ಬೇರೆ ಹಾಕಿದ್ದೆ.

ಸಾಕು ಬಿಡು. ನೀನು ಕೇಳಿದ್ದು ಎಷ್ಟು ದುಡ್ಡು ಬೇಕು ಅಂತ, ನಾನು ಎಲ್ಲಿಗೋ ಹೋದೆ. ರಾತ್ರಿ ಹನ್ನೊಂದರ ಮೇಲೆ ಬರೆದರೆ ಹೀಗೇ ಆಗುವುದು.

ಎಂಟನೇ ಸಾಲು ಅಳಿಸಿದ್ದೇನೆ. ಅಳಿಸಿದ ತಕ್ಷಣ ಕೆಳಗಿನ ಲೆಕ್ಕ ಕೆಂಪಾಯಿತು. ಶೀಟಿನ ಪ್ರಕಾರ ನಾನೀಗ 58ಕ್ಕೆ ರಿಟೈರ್ ಆಗುವ ಹಾಗಿಲ್ಲ, 64ರವರೆಗೆ ದುಡಿಯಬೇಕು. ಫ್ಯಾಕ್ಟರಿಯವರು ಅಲ್ಲಿಯವರೆಗೆ ಇಟ್ಟುಕೊಳ್ಳುವುದಿಲ್ಲ. ನಿನ್ನ ಕಬ್ಬಿನ ಗದ್ದೆಯಲ್ಲಿ ಏನಾದರೂ ಕೆಲಸ ಇದ್ದರೆ ಈಗಲೇ ಹೇಳಿಡು. ಎಕ್ಸೆಲ್ ಬರುತ್ತದೆ, ಕುಡುಗೋಲು ಬರುವುದಿಲ್ಲ.

ಭಾನುವಾರ ಮದ್ದೂರಿಗೆ ಬರುತ್ತೇನೆ, ಅಪ್ಪನೂ ಬರುತ್ತಾರಂತೆ. ವಡೆ ನಿನ್ನ ಲೆಕ್ಕ. ಈ ಪತ್ರ ಓದಿದ್ದೀಯ ಅಂತ ಅಪ್ಪನ ಮುಂದೆ ಬಾಯಿ ಬಿಡಬೇಡ. ಅವರು ಇದನ್ನೆಲ್ಲ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಬರೆದಿದ್ದೇನೆ. ನಿನ್ನೆಯಿಂದ ಮಗಳ ಹತ್ತಿರ ಮೊಬೈಲ್ ಕಲಿಯುತ್ತಿದ್ದಾರೆ, ಅದೊಂದು ಭಯ.

ನಿನ್ನ
ಅರ್ಧ ಟಿಕೆಟ್ಟು