ಶುಕ್ರವಾರದ ವೈವಾಗೆ (ಬಾಯಿಮಾತಿನ ಪರೀಕ್ಷೆಗೆ) ಇದನ್ನ ಓದ್ಕೊಂಡ್ಬನ್ನಿ

ಫ್ರೆಂಡ್ಸ್, ಶುಕ್ರವಾರ ಮೇಡಂ ಮೆದುಳಿನ ರಕ್ತನಾಳನೇ ಕೇಳ್ತಾರಂತೆ. ಮೆದುಳಿಗೆ ರಕ್ತ ತರೋ ನಾಳಗಳು ನಾಲ್ಕು: ಕತ್ತಿನ ಮುಂದ್ಗಡೆಯಿಂದ ಎರಡು ಇಂಟರ್ನಲ್ ಕೆರೋಟಿಡ್, ಹಿಂದ್ಗಡೆ ಕತ್ತಿನ ಮೂಳೆಗಳ ತೂತಲ್ಲೇ ನುಸುಳ್ಕೊಂಡು ಹೋಗೋ ಎರಡು ವರ್ಟಿಬ್ರಲ್, ಈ ಹಿಂದಿನವೆರಡು ತಲೆಬುರುಡೆ ಒಳಗೆ ಸೇರಿ ಬೇಸಿಲಾರ್ ಅನ್ನೋ ಒಂದೇ ನಾಳ ಆಗುತ್ತೆ, ಆಮೇಲೆ ಎಲ್ಲಾ ಮೆದುಳಿನ ತಳದಲ್ಲಿ ಕೂಡ್ಕೊಂಡು ಸರ್ಕಲ್ ಆಫ್ ವಿಲ್ಲಿಸ್ ಅನ್ನೋ ರಿಂಗ್ ಆಗುತ್ತೆ, ಒಂದ್ಕಡೆ ಬ್ಲಾಕ್ ಆದ್ರೆ ಇನ್ನೊಂದ್ಕಡೆಯಿಂದ ರಕ್ತ ಬರೋಕೆ ದಾರಿ. ಆದ್ರೆ ಬುಕ್ಕಲ್ಲಿರೋ ಥರ ಪೂರ್ತಿ ರಿಂಗ್ ಎಲ್ರಿಗೂ ಇರಲ್ಲ, ಇದನ್ನ ಕೇಳೇ ಕೇಳ್ತಾರೆ ನೋಡಿ. ಮೆದುಳನ್ನ ಸುತ್ಕೊಂಡಿರೋ ಪೊರೆಗಳು ಹೊರಗಿಂದ ಒಳಕ್ಕೆ ಡ್ಯೂರಾ, ಅರಾಕ್ನಾಯ್ಡ್, ಪಯಾ. ಸಿಎಸ್ಎಫ್ (ಮೆದುಳು, ಬೆನ್ನುಹುರಿ ಸುತ್ತ ಇರೋ ದ್ರವ) ಒಟ್ಟು ಇರೋದು ಸುಮಾರು 150 ಎಂಎಲ್, ದಿನಕ್ಕೆ ತಯಾರಾಗೋದು 500 ಎಂಎಲ್ ಹತ್ರ, ಅಂದ್ರೆ ಹಳೇದು ಹೀರ್ಕೊಂಡು ಹೊಸದು ಬರ್ತಾನೇ ಇರುತ್ತೆ. ರೆಕಾರ್ಡ್ ಬುಕ್ ಮರೀಬೇಡಿ, ಸೈನ್ ಇಲ್ದೆ ಒಳಗೆ ಬಿಡಲ್ಲ.