ಕೂಗಿದರೆ ಓಗೊಡು, ಪುಟ್ಟಿ

ಪ್ರೀತಿಯ ಪುಟ್ಟಿ,

ಶನಿವಾರ ನೀನು ಫೋನ್ ಕಟ್ ಮಾಡಿದ ಮೇಲೆ ನಾನು ಮತ್ತೆ ಮಾಡಿದೆ, ನೀನು ಎತ್ತಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರೆದರೆ ನಾನೊಂದು ಹೇಳಿ ನೀನೊಂದು ಹೇಳಿ ಜಗಳ ಜಾಸ್ತಿಯಾಗುತ್ತದೆ. ಅದಕ್ಕೇ ಈ ಕಾಗದ. ಫೋಟೊ ತೆಗೆದು ಕಳಿಸಲು ಅಪ್ಪನಿಗೆ ಕೊಡುತ್ತೇನೆ. ಪೂರ್ತಿ ಓದು, ನಡುವೆ ಬಿಡಬೇಡ.

ನೀನು ಮ್ಯೂನಿಕ್ಕಿನಲ್ಲಿ ಫೇಲಾದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅಲ್ಗಾರಿದಮ್, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಬಿಡಿಸುವ ವಿಧಾನಗಳ ಪೇಪರಿನಲ್ಲಿ 5.0. ಜರ್ಮನಿಯಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಬಂದರೂ ಪಾಸು, 5.0 ಅಂದರೆ ಫೇಲು. ಐದು ಅಂದ ಕೂಡಲೇ ಅಪ್ಪ ಒಳ್ಳೆಯ ಮಾರ್ಕು ಅಂದುಕೊಂಡಿದ್ದರು, ನಾನು ಬಿಡಿಸಿ ಹೇಳಬೇಕಾಯಿತು. ಅವರು ಏನೂ ಅನ್ನಲಿಲ್ಲ. ಅಂಗಳಕ್ಕೆ ಹೋಗಿ ಒಣಗಲು ಹಾಕಿದ ಅಡಿಕೆ ಮಗುಚಿ ಬಂದು, "ಇನ್ನೊಮ್ಮೆ ಬರೆಯಲಿಕ್ಕೆ ಉಂಟಲ್ಲ?" ಅಂತ ಕೇಳಿದರು. ಉಂಟು ಅಂದೆ. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ನನ್ನ ಮಟ್ಟಿಗೆ ಮುಗಿದಿಲ್ಲ. "ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿಸಿದಿರಿ, ಅದಕ್ಕೇ ಹೀಗಾಯಿತು" ಅಂದೆಯಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. 1956ರ ನವೆಂಬರ್ 1ರಂದು ನಮ್ಮ ಈ ಕಾಸರಗೋಡು ಕೇರಳಕ್ಕೆ ಸೇರಿತು. ಕಯ್ಯಾರ ಕಿಞ್ಞಣ್ಣ ರೈಯವರಂಥ ಮೇಷ್ಟ್ರುಗಳು ಕನ್ನಡಕ್ಕಾಗಿ ಬೀದಿಗಿಳಿದ ಊರು ಇದು. ಇಲ್ಲಿ ಕನ್ನಡ ಶಾಲೆ ಉಳಿದದ್ದು ಸುಮ್ನೆ ಅಲ್ಲ. ಅಂಥ ಶಾಲೆಯಲ್ಲಿ ಲೆಕ್ಕ ಕಲಿಸಿಯೇ ನಾನು ರಿಟೈರ್ ಆದದ್ದು. ನನ್ನ ಮಗಳನ್ನು ಬೇರೆ ಕಡೆ ಸೇರಿಸಿ, ಊರವರ ಮಕ್ಕಳಿಗೆ ಕನ್ನಡದಲ್ಲಿ ಕಲಿಸಲು ನನ್ನಿಂದ ಆಗುತ್ತಿರಲಿಲ್ಲ.

ನಿನ್ನ ಪೇಪರಿನಲ್ಲಿ ಬರುವ ಡೈಕ್‌ಸ್ಟ್ರಾ ಅನ್ನುವ ಕಂಪ್ಯೂಟರ್ ವಿಜ್ಞಾನಿಯ ಬಗ್ಗೆ ಈ ವಾರ ಓದಿದೆ. ಅತಿ ಹತ್ತಿರದ ದಾರಿ ಹುಡುಕುವ ಆ ವಿಧಾನ ಅವರಿಗೆ ಹೊಳೆದದ್ದೂ ಅದೇ 1956ರಲ್ಲಂತೆ. ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ ಕೂತು, ಪೆನ್ಸಿಲ್ ಕಾಗದ ಇಲ್ಲದೆ, ಸುಮಾರು 20 ನಿಮಿಷದಲ್ಲಿ. ಕೈಯಲ್ಲಿ ಕಾಗದ ಇಲ್ಲದ್ದರಿಂದಲೇ ಬೇಡದ ತೊಡಕುಗಳನ್ನೆಲ್ಲ ಬಿಡಬೇಕಾಯಿತು ಅಂತ ಅವರೇ ಹೇಳಿದ್ದಾರೆ. ಆರ್ಮಾಕ್ ಅನ್ನುವ ಹೊಸ ಕಂಪ್ಯೂಟರನ್ನು ಜನರಿಗೆ ತೋರಿಸಲು ನೆದರ್‌ಲ್ಯಾಂಡ್ಸ್‌ನ 64 ಊರುಗಳ ದಾರಿ ಹಿಡಿದು ಲೆಕ್ಕ ಮಾಡಿದರು. ಅವರ ಮನೆಮಾತು ಇಂಗ್ಲಿಷ್ ಅಲ್ಲ, ಡಚ್ಚು. ನೀನು ಏಳನೇ ಕ್ಲಾಸಿನಲ್ಲಿ ನಮ್ಮ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬದಿಯಡ್ಕ, ಕುಂಬಳೆ, ಚೆರ್ಕಳ, ಕಾಸರಗೋಡು ಅಂತ ವೃತ್ತ ಹಾಕಿ, ಗೆರೆಯ ಮೇಲೆ ಕಿಲೋಮೀಟರ್ ಬರೆದು, ಯಾವ ಬಸ್ಸು ಹತ್ತಿದರೆ ಹತ್ತಿರ ಅಂತ ನನಗೆ ಪಾಠ ಮಾಡಿದ್ದೆ. ಹತ್ತಿರದ್ದನ್ನು ಮೊದಲು ಗಟ್ಟಿ ಮಾಡಿಕೊಂಡು ಮುಂದೆ ಹೋಗುತ್ತಿದ್ದೆ. ಡೈಕ್‌ಸ್ಟ್ರಾ ಮಾಡಿದ್ದೂ ಅದನ್ನೇ ಅಲ್ವಾ? ನಿನಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನು ಕನ್ನಡದಿಂದ ಏನು ಕೆಟ್ಟಿತು ಹೇಳು.

ಆದರೆ ಪುಟ್ಟಿ, ಶನಿವಾರದಿಂದ ನನ್ನ ನಿದ್ದೆ ಕೆಡಿಸಿದ್ದು ಇದು ಯಾವುದೂ ಅಲ್ಲ. ರಿಸಲ್ಟ್ ಬಂದು ಮೂರು ವಾರ ಆಗಿತ್ತು. ಕೇಳಿದಾಗಲೆಲ್ಲ "ಇನ್ನೂ ಬಂದಿಲ್ಲ ಅಮ್ಮಾ" ಅನ್ನುತ್ತಿದ್ದೆ.

ಎಂಟು ವರ್ಷದವಳಿದ್ದಾಗ ನೀನು ನಮ್ಮ ತೋಟದ ನೀರಿನ ಸುರಂಗದೊಳಗೆ ಹೋಗಿ ಕೂತ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮದುವೆ ಮುಂಜಿಯಲ್ಲೆಲ್ಲ ನಗುತ್ತಾ ಹೇಳುತ್ತಾರೆ. ಆದರೆ ನಿನಗೆ ಗೊತ್ತಿರುವುದು ಒಳಗಿನ ಕತೆ. ಹೊರಗಿನದ್ದು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಅಂದು ನನಗೆ ಮೊದಲು ಕಂಡದ್ದು ನಿನ್ನ ಚಪ್ಪಲಿ. ಸುರಂಗದ ನೀರು ನಿಲ್ಲುವ ಮದಕದ ಬದಿಯಲ್ಲಿ ಜೋಡಿಸಿ ಇಟ್ಟಿದ್ದೆ. ನೀಟಾಗಿ ಇಟ್ಟಿದ್ದೆ ನೋಡು, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಕೂಗಿದೆ. ಉತ್ತರ ಇಲ್ಲ. ಇನ್ನೂ ಜೋರಾಗಿ ಕೂಗಿದೆ. ನನ್ನ ದನಿ ಒಳಗೆ ಹೋಗಿ ಎಲ್ಲೋ ಮುಗಿದುಹೋಗುತ್ತಿತ್ತು. ಅಪ್ಪ ತೋಟದ ಆ ತುದಿಯಲ್ಲಿದ್ದರು.

ನಿನ್ನ ಅಜ್ಜ ಕೊರೆಸಿದ ಸುರಂಗ ಅದು. ಇಬ್ಬರು ಅಕ್ಕಪಕ್ಕ ನಡೆಯಲಾಗದಷ್ಟು ಇಕ್ಕಟ್ಟು. ಕೊರೆಯುವವರು ಮೇಣದ ಬತ್ತಿ ಹಚ್ಚಿಟ್ಟುಕೊಂಡು ಪಿಕ್ಕಾಸು ಹಾಕುತ್ತಿದ್ದರಂತೆ. ಬತ್ತಿಯ ಉರಿ ಸಣ್ಣಗಾದರೆ ಒಳಗೆ ಗಾಳಿ ಕಡಿಮೆ ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ನಾನು ಬತ್ತಿ ತರಲು ಮನೆಗೆ ಓಡಲಿಲ್ಲ. ಹಾಗೇ ನುಗ್ಗಿದೆ. ಕಾಲಡಿ ತಣ್ಣಗಿನ ನೀರು, ತಲೆಯ ಮೇಲೆ ಬಾವಲಿ. ತಿರುವು ದಾಟಿದ ಮೇಲೆ ಬೆಳಕೇ ಇಲ್ಲ. ಗೋಡೆ ಸವರಿಕೊಂಡು ಹೋದೆ. ಗಟ್ಟಿ ಮುರಕಲ್ಲು ಇರುವಷ್ಟು ದೂರ ಧೈರ್ಯ. ಕೈಗೆ ಮೆತ್ತಗೆ ಜೇಡಿ ತಾಗಿದಲ್ಲಿ ನನ್ನ ಎದೆ ನಿಂತೇ ಹೋಯಿತು. ಕುಸಿಯುವುದು ಅಂಥ ಜಾಗವೇ. ಹೆಜ್ಜೆಗೊಮ್ಮೆ ನಿನ್ನ ಹೆಸರು ಕೂಗುತ್ತಿದ್ದೆ. ಕೊನೆಗೆ ನನ್ನ ಮೊಣಕಾಲು ನಿನಗೆ ತಾಗಿತು. ಒರತೆ ಬರುವ ಮೂಲೆಯಲ್ಲಿ ಕಾಲು ಮಡಚಿ ಆರಾಮ ಕೂತಿದ್ದೆ. "ಕೂಗಿದ್ದು ಕೇಳಿಸಲಿಲ್ವಾ?" ಅಂತ ಕೇಳಿದೆ. "ಕೇಳಿಸಿತು. ಬೈತೀ ಅಂತ ಮಾತಾಡಲಿಲ್ಲ" ಅಂದೆ.

ಎಂಟು ವರ್ಷದ ಮಗು ಹೇಳಿದ ಮಾತು ಅಂತ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ನೀನು ಒಳಗೆ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ನೀರು ಎಲ್ಲಿಂದ ಬರುತ್ತದೆ ಅಂತ ನೋಡಲು ಹೋದೆ, ಅದು ನನಗೆ ಹೆಮ್ಮೆಯೇ. ಕೇಳಿಸಿಯೂ ಸುಮ್ಮನೆ ಕೂತೆಯಲ್ಲ, ಆ ಹೊತ್ತಿಡೀ ನಾನು ಆ ಚಪ್ಪಲಿ ನೆನೆದುಕೊಂಡು ನಡೆದೆ. ಮ್ಯೂನಿಕ್ಕಿನ ಆ ರೂಮಿನಲ್ಲಿ ಮೂರು ವಾರ ನೀನು ಒಬ್ಬಳೇ ಅದನ್ನು ಇಟ್ಟುಕೊಂಡು ಕೂತದ್ದು, ಊಟ ಆಯ್ತು, ಚಳಿ ಕಡಿಮೆಯಾಗಿದೆ ಅಂತ ನನಗೆ ಹೇಳುತ್ತಿದ್ದದ್ದು, ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಾನು ಬೈಯುತ್ತೇನೆ ನಿಜ. "ಇಷ್ಟು ಸಾಲ ಮಾಡಿ ಕಳಿಸಿದ್ದು ಇದಕ್ಕಾ" ಅಂತ ಶನಿವಾರ ಬಾಯಿಗೆ ಬಂತು. ಅದಕ್ಕೆ ಕ್ಷಮಿಸು. ಆದರೆ ಬೈದರೂ ಮೊದಲು ಬರುವವಳು ನಾನೇ ಅಲ್ವಾ?

ಸಾಲದ ಲೆಕ್ಕ ನಿನ್ನ ತಲೆಗೆ ಬೇಡ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, 11,904 ಯೂರೋ ತೋರಿಸಬೇಕು ಅಂದಾಗ ತೋಟದ ಆಧಾರಪತ್ರ ಬ್ಯಾಂಕಿಗೆ ಕೊಟ್ಟದ್ದು ನಾವು ಆಲೋಚನೆ ಮಾಡಿಯೇ. ತಿಂಗಳಿಗೆ ಸಿಗುವ 992ರಲ್ಲಿ ಹೊಟ್ಟೆ ಕಟ್ಟಿ ಉಳಿಸುವುದು ಬೇಡ. ಕೆಫೆ ಕೆಲಸವನ್ನು ಪರೀಕ್ಷೆ ಮುಗಿಯುವವರೆಗೆ ನಿಲ್ಲಿಸು. ವರ್ಷಕ್ಕೆ 140 ದಿನ ದುಡಿಯಲು ಬಿಡುತ್ತಾರೆ ಅಂತ ಅಷ್ಟೂ ದಿನ ದುಡಿಯಲೇಬೇಕು ಅಂತ ಇಲ್ಲ.

ಇನ್ನು ಓದು. ಉಪದೇಶ ಅಂತ ಮುಖ ತಿರುಗಿಸಬೇಡ, ಮೇಷ್ಟ್ರಮ್ಮ ಹೇಳಿದ್ದು ಅಂತ ಕೇಳು. ಇಲ್ಲಿ ಬಿ.ಇ.ಯಲ್ಲಿ ಇಂಟರ್ನಲ್ ಮಾರ್ಕ್ಸ್ ಕೈ ಹಿಡಿಯುತ್ತಿತ್ತು. ಅಲ್ಲಿ ವಾರವಾರ ಲೆಕ್ಕದ ಹಾಳೆ ಕೊಡುತ್ತಾರೆ, ಮಾಡಿದೆಯಾ ಅಂತ ಯಾರೂ ಕೇಳುವುದಿಲ್ಲ, ಕೊನೆಗೆ ಒಂದೇ ಪರೀಕ್ಷೆ ಅಂತ ನೀನೇ ಹೇಳಿದ್ದು. ಯಾರೂ ಕೇಳದಿದ್ದರೆ ನೀನು ಮಾಡುವುದಿಲ್ಲ, ನನಗೆ ಗೊತ್ತು. ಆ ಹಾಳೆಗಳನ್ನು ಮೊದಲಿನಿಂದ ಮಾಡು. ಉತ್ತರ ನೋಡಿ ಅರ್ಥವಾಯಿತು ಅನ್ನುವುದು ಓದಲ್ಲ. ಋಣ ತೂಕದ ಗೆರೆ, ಅಂದರೆ ಮೇಲೆ ಸೊನ್ನೆಗಿಂತ ಕಡಿಮೆ ಸಂಖ್ಯೆ ಇರುವ ಗೆರೆ ಬಂದರೆ ಡೈಕ್‌ಸ್ಟ್ರಾ ವಿಧಾನ ಯಾಕೆ ತಪ್ಪುತ್ತದೆ, ದಾರಿ ಹುಡುಕುವ ಇನ್ನೊಂದು ವಿಧಾನವಾದ ಬೆಲ್‌ಮನ್-ಫೋರ್ಡ್ ಯಾಕೆ ತಪ್ಪುವುದಿಲ್ಲ ಅಂತ ಪುಸ್ತಕ ಮುಚ್ಚಿಟ್ಟು ಬರೆಯಲು ಬರಬೇಕು. ತಿದ್ದಿದ ಉತ್ತರಪತ್ರಿಕೆ ನೋಡಲು ಒಂದು ದಿನ ಕರೆಯುತ್ತಾರಂತಲ್ಲ, ನಾಚಿಕೆಯಾಗುತ್ತದೆ ಅಂತ ಹೋಗದೆ ಇರಬೇಡ. ಮಾರ್ಕು ಎಲ್ಲಿ ಹೋಯಿತು ಅಂತ ಗೊತ್ತಾಗುವುದು ಅಲ್ಲೇ. ಕೋರ್ಸ್ ಇಡೀ 120 ಕ್ರೆಡಿಟ್, ಈ ಪೇಪರಿಗೆ 8. ಒಂದು ಕ್ರೆಡಿಟ್ಟಿಗೆ 30 ಗಂಟೆ ಓದು ಅಂತ ಇಟ್ಟುಕೊಂಡರೆ 3,600 ಗಂಟೆಯಲ್ಲಿ 240 ಗಂಟೆ. ಅಷ್ಟಕ್ಕೆ ಊರಿಗೆ ವಾಪಸ್ ಬರುತ್ತೇನೆ ಅನ್ನುವುದಾ?

ಬರಲೇಬೇಕು ಅನ್ನಿಸಿದರೆ ಬಾ. ಬರಬೇಡ ಅಂತ ನಾನು ಹೇಳುವುದಿಲ್ಲ. ಮೊದಲು ಹೇಳಿ ಬಾ, ಅಷ್ಟೇ.

ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಮೇಲೆ ನಾವು ನಿನಗಿಂತ ಮೂರೂವರೆ ಗಂಟೆ ಮುಂದೆ. ನೀನು ಓದು ಮುಗಿಸಿ ಫೋನ್ ಮಾಡಿದರೂ ನಾನು ಎದ್ದಿರುತ್ತೇನೆ. ಮರುಪರೀಕ್ಷೆಯ ತಾರೀಕು ಬರೆದು ಕಳಿಸು. ಅದರ ಜೊತೆ ನಿನಗೆ ಬಿಡಿಸಲಾಗದ ಆ ನಾಲ್ಕನೇ ಲೆಕ್ಕದ ಫೋಟೊವನ್ನೂ ಕಳಿಸು. ನಾನೂ ಇಲ್ಲಿ ಕೂತು ಮಾಡುತ್ತೇನೆ, ಯಾರಿಗೆ ಮೊದಲು ಬರುತ್ತದೆ ನೋಡೋಣ.

ನಿನ್ನ
ಅಮ್ಮ