ಬೈಬಲಿನ ಕುಷ್ಠರೋಗಿಯನ್ನು ಪಾಪಿ ಎನ್ನಬೇಡಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜನವರಿ 30ರ ಕುಷ್ಠರೋಗ ದಿನದ ಆಸುಪಾಸಿನಲ್ಲಿ ಜಾಥಾ, ಭಾಷಣಗಳ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಆ ಭಾಷಣಗಳಲ್ಲೂ ನಮ್ಮ ಚರ್ಚುಗಳ ಪ್ರಸಂಗಗಳಲ್ಲೂ (ಉಪದೇಶಗಳಲ್ಲೂ) ಒಂದು ಮಾತು ಮತ್ತೆ ಮತ್ತೆ ಕೇಳುತ್ತೇನೆ: ಬೈಬಲಿನ ಕಾಲದಲ್ಲಿ ಕುಷ್ಠ ಎಂದರೆ ಪಾಪಕ್ಕೆ ಸಿಕ್ಕ ಶಿಕ್ಷೆ, ಅದಕ್ಕೇ ಅವರನ್ನು ಊರಾಚೆ ಅಟ್ಟುತ್ತಿದ್ದರು ಅಂತ. ನಾನು ಕುಷ್ಠರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ನರ್ಸ್. ಬೈಬಲನ್ನೂ ದಿನಾ ಓದುವವಳು. ಈ ಮಾತಿನಲ್ಲಿ ಅರ್ಧ ಮಾತ್ರ ನಿಜ.

ಊರಾಚೆ ಇಡುತ್ತಿದ್ದದ್ದು ನಿಜ. ಬೈಬಲಿನ ಯಾಜಕಕಾಂಡ ಎಂಬ ಪುಸ್ತಕದ 13ನೇ ಅಧ್ಯಾಯದಲ್ಲಿ ಅದರ ನಿಯಮವೇ ಇದೆ. ಮೈಮೇಲೆ ಬಾವು, ಮಚ್ಚೆ ಕಂಡವನನ್ನು ಯಾಜಕನ, ಅಂದರೆ ಪುರೋಹಿತನ, ಹತ್ತಿರ ಕರೆತರಬೇಕು. ಯಾಜಕ ಮದ್ದು ಕೊಡುವವನಲ್ಲ, ನೋಡಿ ಹೇಳುವವನು. ಮಚ್ಚೆಯ ಮೇಲಿನ ಕೂದಲು ಬೆಳ್ಳಗಾಗಿದೆಯಾ, ಅದು ಚರ್ಮಕ್ಕಿಂತ ಆಳಕ್ಕೆ ಇಳಿದಿದೆಯಾ ಅಂತ ನೋಡುತ್ತಿದ್ದ. ಅನುಮಾನವಿದ್ದರೆ 7 ದಿನ ಬೇರೆ ಇಟ್ಟು ಮತ್ತೆ ನೋಡುವುದು. ಆಗಲೂ ತಿಳಿಯದಿದ್ದರೆ ಇನ್ನೂ 7 ದಿನ. ಮಚ್ಚೆ ಮಂಕಾಗಿದ್ದರೆ ಬಟ್ಟೆ ಒಗೆದುಕೊಂಡು ಮನೆಗೆ ಹೋಗಬಹುದು. ಹರಡಿದ್ದರೆ 'ಅಶುದ್ಧ' ಎಂಬ ತೀರ್ಪು.

ಆಮೇಲಿನ ಬದುಕು ಘೋರ. ಹರಿದ ಬಟ್ಟೆ ತೊಡಬೇಕು, ತಲೆ ಕೆದರಿಕೊಂಡಿರಬೇಕು, ಬಾಯಿ ಮುಚ್ಚಿಕೊಂಡು 'ಅಶುದ್ಧ, ಅಶುದ್ಧ' ಎಂದು ಕೂಗಬೇಕು. ಪಾಳೆಯದ, ಅಂದರೆ ಜನ ಬೀಡುಬಿಟ್ಟ ಜಾಗದ, ಹೊರಗೆ ಒಬ್ಬನೇ ಇರಬೇಕು. ಬಟ್ಟೆ ಹರಿದುಕೊಳ್ಳುವುದು, ತಲೆ ಬಾಚದಿರುವುದು ಆ ಕಾಲದ ಇಸ್ರಾಯೇಲ್ಯರಲ್ಲಿ ಸತ್ತವರಿಗಾಗಿ ಶೋಕ ಮಾಡುವ ರೀತಿ. ಅಂದರೆ ಆ ಮನುಷ್ಯ ಬದುಕಿರುವಾಗಲೇ ತನ್ನ ಸೂತಕವನ್ನು ತಾನೇ ಆಚರಿಸಬೇಕಿತ್ತು. ಹೆಂಡತಿ ಮಕ್ಕಳಿಲ್ಲ, ಹೊಲವಿಲ್ಲ, ದೇವಾಲಯವಿಲ್ಲ, ಹಬ್ಬವಿಲ್ಲ. ಊಟಕ್ಕೆ ಊರಿನವರ ದಯೆಯೇ ಗತಿ.

ಎರಡನೇ ಅರಸುಗಳ ಪುಸ್ತಕದಲ್ಲಿ ಇಂಥ ನಾಲ್ವರು ಬರುತ್ತಾರೆ. ನೆರೆಯ ಶತ್ರುಗಳಾದ ಅರಾಮ್ಯರ ಸೈನ್ಯ ಇಸ್ರಾಯೇಲ್ಯರ ಸಮಾರ್ಯ ಪಟ್ಟಣಕ್ಕೆ ಮುತ್ತಿಗೆ ಹಾಕಿದೆ. ಒಳಗೆ ಎಂಥ ಬರ ಅಂದರೆ ಕತ್ತೆಯ ತಲೆಗೆ 80 ಬೆಳ್ಳಿ ನಾಣ್ಯ. ಈ ನಾಲ್ವರು ಇರುವುದು ಊರಬಾಗಿಲ ಹೊರಗೆ. 'ಒಳಗೆ ಹೋದರೂ ಸಾಯುತ್ತೇವೆ, ಇಲ್ಲೇ ಕೂತರೂ ಸಾಯುತ್ತೇವೆ' ಎಂದು ಮಾತಾಡಿಕೊಂಡು, ಮುಸ್ಸಂಜೆಯಲ್ಲಿ ಶತ್ರುವಿನ ಪಾಳೆಯಕ್ಕೇ ಹೋಗುತ್ತಾರೆ. ನೋಡಿದರೆ ಅಲ್ಲಿ ಒಬ್ಬರೂ ಇಲ್ಲ, ಸೈನ್ಯ ಹೆದರಿ ಎಲ್ಲ ಬಿಟ್ಟು ಓಡಿಹೋಗಿದೆ. ಹೊಟ್ಟೆ ತುಂಬ ಉಣ್ಣುತ್ತಾರೆ, ಬೆಳ್ಳಿ ಬಂಗಾರ ಬಚ್ಚಿಡುತ್ತಾರೆ. ಆಮೇಲೆ, 'ನಾವು ಮಾಡುತ್ತಿರುವುದು ಸರಿಯಲ್ಲ, ಇದು ಶುಭಸಮಾಚಾರದ ದಿನ' ಎಂದುಕೊಂಡು ರಾತ್ರಿಯೇ ಬಂದು ಬಾಗಿಲ ಕಾವಲುಗಾರರಿಗೆ ಕೂಗಿ ಹೇಳುತ್ತಾರೆ. ತಮ್ಮನ್ನು ಹೊರಗಿಟ್ಟ ಊರಿನ ಜೀವ ಉಳಿಸಿದವರು ಇವರು. ಆದರೂ ಇವರ ಮೇಲೆ ಒಂದು ಪ್ರಸಂಗ ಕೇಳಸಿಗುವುದೇ ಅಪರೂಪ.

ಈಗ ಪಾಪದ ಮಾತಿಗೆ ಬರುತ್ತೇನೆ. ಮೋಶೆಯ ವಿರುದ್ಧ ಮಾತಾಡಿದ ಅವನ ಅಕ್ಕ ಮಿರ್ಯಾಮಳು, ದುರಾಸೆಗೆ ಬಿದ್ದ ಪ್ರವಾದಿ ಎಲೀಷನ ಸೇವಕ ಗೇಹಜಿ, ಯಾಜಕರಷ್ಟೇ ಹಾಕಬೇಕಾದ ಧೂಪವನ್ನು ದೇವಾಲಯದಲ್ಲಿ ತಾನೇ ಹಾಕಲು ಹೋದ ಅರಸ ಉಜ್ಜೀಯ, ಈ ಮೂವರಿಗೆ ರೋಗ ಶಿಕ್ಷೆಯಾಗಿಯೇ ಬಂತು. ಇಲ್ಲ ಎನ್ನುವುದಿಲ್ಲ. ಉಜ್ಜೀಯ ಸಾಯುವ ತನಕ ಬೇರೆ ಮನೆಯಲ್ಲಿದ್ದ, ಮಗ ಯೋತಾಮ ರಾಜ್ಯ ನೋಡಿಕೊಂಡ. ಆದರೆ ಸಮಾರ್ಯದ ಆ ನಾಲ್ವರು ಏನು ಪಾಪ ಮಾಡಿದ್ದರು? ಅರಾಮ್ಯರ ಸೇನಾಪತಿ ನಾಮಾನ? ಲೂಕನ ಸುವಾರ್ತೆಯಲ್ಲಿ ದೂರ ನಿಂತು ಕೂಗಿದ ಹತ್ತು ಮಂದಿ? ಕುಷ್ಠರೋಗಿ ಎಂದೇ ಹೆಸರಾದ ಬೇಥಾನ್ಯದ ಸೀಮೋನ? ಬೈಬಲ್ ಹೇಳುವುದಿಲ್ಲ. 13ನೇ ಅಧ್ಯಾಯದಲ್ಲೂ 'ನೀನು ಏನು ಪಾಪ ಮಾಡಿದೆ' ಎಂದು ಯಾಜಕ ಒಂದು ಸಲವೂ ಕೇಳುವುದಿಲ್ಲ. ಅಷ್ಟೇ ಅಲ್ಲ, ಇದೇ ರೋಗ ಬಟ್ಟೆಗೂ ಮನೆಯ ಗೋಡೆಗೂ ಬರುತ್ತದೆ ಎನ್ನುತ್ತದೆ ಆ ಪುಸ್ತಕ. ಹಸಿರಾಗಿಯೋ ಕೆಂಪಾಗಿಯೋ ಕಲೆ ಬಿದ್ದ ಗೋಡೆ ಏನು ಪಾಪ ಮಾಡೀತು, ಅಲ್ವಾ?

ನರ್ಸ್ ಆಗಿ ಇನ್ನೊಂದು ಮಾತು. ಅಲ್ಲಿ ಬರೆದಿರುವುದು ಬಹುಮಟ್ಟಿಗೆ ನಾವು ಇಂದು ಕಾಣುವ ಕುಷ್ಠವಲ್ಲ, ಹಲವು ಬಗೆಯ ಚರ್ಮರೋಗಗಳು. ನಮ್ಮಲ್ಲಿ ಮಚ್ಚೆ ಇರುವವರನ್ನು ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ಸೋಕಿಸಿ 'ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸಿ' ಎನ್ನುತ್ತೇವೆ. ಮಚ್ಚೆಯ ಮೇಲೆ ಮುಟ್ಟಿದಾಗ ಬೆರಳು ಏಳುವುದೇ ಇಲ್ಲ. ಆ ಸ್ಪರ್ಶ ಹೋಗುವುದೇ ಈ ರೋಗದ ಮುಖ್ಯ ಗುರುತು. ಯಾಜಕಕಾಂಡದಲ್ಲಿ ಅದರ ಸುದ್ದಿಯೇ ಇಲ್ಲ. ವಾರ ಎರಡು ವಾರದಲ್ಲಿ ನೋಡನೋಡುತ್ತಾ ಬದಲಾಗುವ ರೋಗವೂ ಇದಲ್ಲ, ಕಾಣಿಸಿಕೊಳ್ಳಲಿಕ್ಕೇ ವರ್ಷಗಟ್ಟಲೆ ಬೇಕು.

ಆದರೆ ಯೇಸುವಿನ ಕಾಲದ ಯೆರೂಸಲೇಮಿನಲ್ಲಿ ನಿಜವಾದ ಕುಷ್ಠವೂ ಇತ್ತು. ಹಿನ್ನೋಮ್ ಕಣಿವೆಯ ಒಂದು ಸಮಾಧಿ ಗುಹೆಯಲ್ಲಿ ಸಿಕ್ಕ ಮೊದಲ ಶತಮಾನದ ಗಂಡಸಿನ ಮೂಳೆಯಲ್ಲಿ ಕುಷ್ಠದ ರೋಗಾಣುವಿನ ಡಿಎನ್‌ಎ ಇತ್ತೆಂದು ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಕ್ಷಯವೂ ಇತ್ತಂತೆ. ಆಗಿನ ಪದ್ಧತಿಯಂತೆ ವರ್ಷದ ಮೇಲೆ ಮೂಳೆ ಆಯ್ದು ಪೆಟ್ಟಿಗೆಯಲ್ಲಿ ಇಡಬೇಕಿತ್ತು. ಇವನ ಮೂಳೆಯನ್ನು ಯಾರೂ ಆಯ್ದಿಲ್ಲ, ಹೆಣ ಇಟ್ಟ ಗೂಡಿನ ಬಾಯಿಗೆ ಗಾರೆ ಮೆತ್ತಿ ಮುಚ್ಚಿದ್ದರು. ಆದರೂ ಹೆಣಕ್ಕೆ ಬಟ್ಟೆ ಸುತ್ತಿ ಮನೆತನದ ಗುಹೆಯಲ್ಲೇ ಮಲಗಿಸಿದ್ದರು. ಈ ಸಂಗತಿ ನನ್ನ ಮನಸ್ಸು ಬಿಟ್ಟು ಹೋಗುವುದಿಲ್ಲ. ಹೆದರಿದ್ದರು, ಆದರೆ ಕೈಬಿಟ್ಟಿರಲಿಲ್ಲ.

ಯಾಜಕಕಾಂಡದ 14ನೇ ಅಧ್ಯಾಯವನ್ನು ನಮ್ಮವರು ಯಾಕೆ ಓದುವುದಿಲ್ಲವೋ. ಅದು ಪೂರ್ತಿ ಮನೆಗೆ ವಾಪಸು ಬರುವ ದಾರಿ. ಗುಣವಾದವನನ್ನು ನೋಡಲು ಯಾಜಕನೇ ಪಾಳೆಯದ ಹೊರಗೆ ಹೋಗಬೇಕು. ಎರಡು ಹಕ್ಕಿ ತಂದು ಒಂದನ್ನು ಕೊಂದು, ಇನ್ನೊಂದನ್ನು ಬಯಲಿಗೆ ಹಾರಿಬಿಡಬೇಕು. 8ನೇ ದಿನದ ಕಾಣಿಕೆಗೆ ಮೂರು ಕುರಿ ಬೇಕು, ಬಡವನಾದರೆ ಒಂದು ಕುರಿ, ಎರಡು ಪಾರಿವಾಳ ಸಾಕು. ಆಗ ಯಾಜಕ ಅವನ ಬಲಗಿವಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಎಣ್ಣೆ ಹಚ್ಚುತ್ತಾನೆ. ಯಾರೂ ಮುಟ್ಟದಿದ್ದವನನ್ನು ಮುಟ್ಟುತ್ತಾನೆ. ಮಾರ್ಕನ ಸುವಾರ್ತೆಯಲ್ಲಂತೂ ಯೇಸು ಅಷ್ಟಕ್ಕೂ ಕಾಯಲಿಲ್ಲ. ರೋಗ ಮೈಮೇಲಿರುವಾಗಲೇ ಕೈಚಾಚಿ ಮುಟ್ಟಿದರು.

ಇದನ್ನೆಲ್ಲ ಬರೆಯಲು ಕಾರಣವಿದೆ. 'ಸಿಸ್ಟರ್, ನಾನು ಏನು ಪಾಪ ಮಾಡಿದ್ದೆ?' ಈ ಪ್ರಶ್ನೆಯನ್ನು ವಾರ್ಡಿನಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಕೇಳಿದ್ದಾರೆ. ಊರವರು, ಮನೆಯವರು ಹೇಳಿ ಹೇಳಿ ಅವರ ತಲೆಯಲ್ಲಿ ಕೂರಿಸಿದ ಮಾತು ಅದು. ಅದೇ ಹೆದರಿಕೆಗೆ ಮಚ್ಚೆ ಮುಚ್ಚಿಕೊಂಡು, ಕೈಬೆರಳು ಮಡಚಿಹೋದ ಮೇಲೆ ಬಂದವರೂ ಇದ್ದರು. ಬೇಗ ಬಂದಿದ್ದರೆ ಆ ಕೈ ಉಳಿಯುತ್ತಿತ್ತು. ಕಾನೂನು ಕೂಡ ತಡವಾಗಿಯೇ ಬದಲಾಯಿತು: ರೋಗಿಗಳನ್ನು ಬೇರೆ ಇಡಲು ಮಾಡಿದ್ದ, ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ. ವಿಚ್ಛೇದನಕ್ಕೆ ಕುಷ್ಠವೂ ಒಂದು ಕಾರಣ ಎಂಬ ಸಾಲನ್ನು ಕಾನೂನಿನಿಂದ ತೆಗೆದದ್ದು 2019ರಲ್ಲಿ.

ಪಾದ್ರಿಗಳಿಗೆ, ಸಂಡೇ ಸ್ಕೂಲ್ ಟೀಚರುಗಳಿಗೆ ನನ್ನ ಕೋರಿಕೆ ಇಷ್ಟೇ. 'ಪಾಪವೆಂಬ ಕುಷ್ಠ' ಎನ್ನುವುದನ್ನು ದಯವಿಟ್ಟು ಬಿಡಿ. ಕೇಳುತ್ತಾ ಕೂತವರಲ್ಲಿ ಮಚ್ಚೆ ಮುಚ್ಚಿಕೊಂಡವರು ಒಬ್ಬರಿರಬಹುದು. ಕುಷ್ಠರೋಗ ದಿನದ ಹತ್ತಿರದ ಭಾನುವಾರ ಚರ್ಚಿನ ಪ್ರಕಟಣೆಗಳ ಜೊತೆ ಇದನ್ನೂ ಓದಿಬಿಡಿ: ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮಾತ್ರೆ ಪುಕ್ಕಟೆ, 6 ತಿಂಗಳು ಅಥವಾ 1 ವರ್ಷ ತಗೊಂಡರೆ ರೋಗ ಪೂರ್ತಿ ವಾಸಿ. ಮನೆ ಬಿಡಬೇಕಾಗಿಲ್ಲ.

— ನಿವೃತ್ತ ನರ್ಸ್, ಹಾಸನ